ಒಂದು ಮೀನು, ಎರಡು ಸರ್ಕಾರ

2005ರ ಅಕ್ಟೋಬರ್ ತಿಂಗಳು. ಉತ್ತರ ಧ್ರುವಕ್ಕೆ ಸಮೀಪದ ಸ್ವಾಲ್ಬಾರ್ಡ್ ದ್ವೀಪಗಳ ಬಳಿ ಮೀನು ಹಿಡಿಯುತ್ತಿದ್ದ ‘ಎಲೆಕ್ಟ್ರಾನ್’ ಎಂಬ ರಷ್ಯದ ಟ್ರಾಲರನ್ನು ನಾರ್ವೆಯ ಇಬ್ಬರು ತಪಾಸಣಾಧಿಕಾರಿಗಳು ಹತ್ತಿ ಪರಿಶೀಲಿಸಿದರು. ಬಲೆ ನಿಯಮಕ್ಕೆ ತಕ್ಕಂತಿಲ್ಲ ಎಂಬುದು ಅವರ ಆಕ್ಷೇಪ. ಹಡಗನ್ನು ವಶಪಡಿಸಿಕೊಂಡು ಟ್ರೋಮ್ಸೋ ಬಂದರಿಗೆ ಬರುವಂತೆ ಆಜ್ಞಾಪಿಸಲಾಯಿತು. ಹಡಗಿನ ನಾಯಕ ಮಾತ್ರ ದಾರಿಯಲ್ಲಿ ದಿಕ್ಕು ಬದಲಿಸಿ, ಅಧಿಕಾರಿಗಳಿಬ್ಬರೂ ಹಡಗಿನಲ್ಲಿರುವಾಗಲೇ ರಷ್ಯದ ಕಡೆಗೆ ಓಟ ಕಿತ್ತ. ಬಿರುಗಾಳಿಯ ನಡುವೆ ನಾರ್ವೆಯ ಕಾವಲು ಹಡಗುಗಳು ಬೆನ್ನಟ್ಟಿದವು. ಎಲೆಕ್ಟ್ರಾನ್ ರಷ್ಯದ ಜಲಗಡಿಯನ್ನು ಸೇರಿಕೊಂಡಿತು.

ಒಂದು ದೇಶದ ಅಧಿಕಾರಿಗಳನ್ನು ಇನ್ನೊಂದು ದೇಶದ ಹಡಗು ಹೊತ್ತೊಯ್ದರೆ ಅದು ದೊಡ್ಡ ರಾಜತಾಂತ್ರಿಕ ಕಲಹಕ್ಕೆ ಕಾರಣವಾಗಬಹುದಿತ್ತು. ಹಾಗೇನೂ ಆಗಲಿಲ್ಲ. ರಷ್ಯದ ನೌಕಾಪಡೆ ಆ ಇಬ್ಬರನ್ನು ಸುರಕ್ಷಿತವಾಗಿ ನಾರ್ವೆಗೆ ಒಪ್ಪಿಸಿತು. ಮುಂದೆ ರಷ್ಯದ ನ್ಯಾಯಾಲಯವೇ ಆ ನಾಯಕನನ್ನು ಅಕ್ರಮ ಮೀನುಗಾರಿಕೆಯ ಅಪರಾಧಿಯೆಂದು ತೀರ್ಮಾನಿಸಿ ದಂಡ ವಿಧಿಸಿತು. ಎರಡೂ ಸರ್ಕಾರಗಳು ಎಂದಿನಂತೆ ಮುಂದಿನ ವರ್ಷದ ಮೀನಿನ ಪಾಲು ಹಂಚಿಕೊಂಡವು.

ಈ ಸಮಾಧಾನದ ಹಿಂದೆ ಮೂವತ್ತು ವರ್ಷಗಳ ಒಂದು ವ್ಯವಸ್ಥೆ ಇತ್ತು. ನಾರ್ವೆಯು 1949ರಲ್ಲಿ ನ್ಯಾಟೊ ಕೂಟವನ್ನು ಸ್ಥಾಪಿಸಿದ ದೇಶಗಳಲ್ಲಿ ಒಂದು. ಅದರ ಗಡಿಯಾಚೆಗಿನ ಕೋಲಾ ಪರ್ಯಾಯದ್ವೀಪ ಸೋವಿಯತ್ ಒಕ್ಕೂಟದ ಉತ್ತರ ನೌಕಾದಳದ, ಅದರ ಪರಮಾಣು ಜಲಾಂತರ್ಗಾಮಿಗಳ ನೆಲೆ. ಎಣ್ಣೆ ಸೀಗೆಕಾಯಿ ಸಂಬಂಧದ ಈ ಎರಡು ದೇಶಗಳು ಶೀತಲ ಸಮರದ ನಟ್ಟನಡುವೆ ಒಟ್ಟಿಗೆ ಕುಳಿತು, ಒಂದೇ ಕಡಲಿನ ಒಂದೇ ಮೀನನ್ನು ಸಾಕುವ ಕೆಲಸವನ್ನು ಕೈಗೆತ್ತಿಕೊಂಡವು. ಆ ಕಡಲು ಬ್ಯಾರೆಂಟ್ಸ್ ಸಮುದ್ರ. ಆ ಮೀನು ಕಾಡ್.

ಹುಟ್ಟು ಒಂದೆಡೆ, ಬೆಳವಣಿಗೆ ಇನ್ನೊಂದೆಡೆ

ನಮ್ಮ ಕರಾವಳಿಯಲ್ಲಿ ಬಂಗುಡೆ, ಬೂತಾಯಿಗಳಿಗೆ ಯಾವ ಸ್ಥಾನವೋ ಉತ್ತರ ಅಟ್ಲಾಂಟಿಕ್ ತೀರದ ಜನರಿಗೆ ಕಾಡ್ ಮೀನಿಗೆ ಆ ಸ್ಥಾನ. ಆದರೆ ಇದು ಗಾತ್ರದಲ್ಲಿ ಬಹಳ ದೊಡ್ಡದು, ಇಪ್ಪತ್ತು ವರ್ಷಕ್ಕೂ ಮೀರಿ ಬದುಕಬಲ್ಲದು. ಉಪ್ಪು ಸಹ ಹಾಕದೆ ಚಳಿಗಾಳಿಗೆ ನೇತುಹಾಕಿ ಒಣಗಿಸಿದ ಕಾಡ್ ಮಧ್ಯಯುಗದಿಂದಲೂ ನಾರ್ವೆಯ ಬರ್ಗೆನ್ ಬಂದರಿನ ಮೂಲಕ ಯೂರೋಪಿನ ಊರುಗಳಿಗೆ ಹೋಗುತ್ತಿತ್ತು.

ನಾರ್ವೆಯ ಉತ್ತರದ ಲೋಫೋಟನ್ ದ್ವೀಪಗಳ ಸುತ್ತಣ ನೀರು ಇದರ ತವರು. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಬಲಿತ ಕಾಡ್ ಮೀನುಗಳು ಇಲ್ಲಿಗೆ ಬಂದು ಮೊಟ್ಟೆ ಇಡುತ್ತವೆ. ಒಂದೊಂದು ಹೆಣ್ಣು ಮೀನು ಇಡುವುದು ಲಕ್ಷಾಂತರ ಮೊಟ್ಟೆ. ನೀರಿನಲ್ಲಿ ತೇಲುವ ಈ ಮೊಟ್ಟೆ, ಮರಿಗಳನ್ನು ಬೆಚ್ಚನೆಯ ಸಾಗರ ಪ್ರವಾಹ ನೂರಾರು ಕಿಲೋಮೀಟರ್ ಉತ್ತರಕ್ಕೂ ಪೂರ್ವಕ್ಕೂ ಒಯ್ದು ಬ್ಯಾರೆಂಟ್ಸ್ ಸಮುದ್ರಕ್ಕೆ ಬಿಡುತ್ತದೆ. ಮರಿಗಳಲ್ಲಿ ಬಹುಪಾಲು ಮೇದು ಬೆಳೆಯುವುದು ರಷ್ಯದ ಭಾಗದ ನೀರಿನಲ್ಲಿ. ಏಳೆಂಟು ವರ್ಷ ಕಳೆದು ಪ್ರಾಯಕ್ಕೆ ಬಂದ ಮೇಲೆ ಅವು ಮತ್ತೆ ಲೋಫೋಟನ್‌ಗೆ ಮರಳುತ್ತವೆ.

ಮೀನಿನ ಈ ಜೀವನಚಕ್ರವೇ ರಾಜಕೀಯದ ಕಟ್ಟನ್ನೂ ನಿರ್ಧರಿಸಿತು. ರಷ್ಯದವರು ತಮ್ಮ ನೀರಿನಲ್ಲಿ ಎಳೆಯ ಮೀನನ್ನೆಲ್ಲ ಬಾಚಿದರೆ ನಾರ್ವೆಯ ಬಲೆಗೆ ಏನೂ ಉಳಿಯದು. ನಾರ್ವೆಯವರು ಮೊಟ್ಟೆ ಇಡಲು ಬಂದ ಮೀನನ್ನು ಮುಗಿಸಿಬಿಟ್ಟರೆ ರಷ್ಯದ ಮೇವಿನ ನೆಲೆಗೆ ಮರಿಗಳೇ ಬಾರವು. ಒಬ್ಬರ ಮೀನಿನ ಬೇರು ಇನ್ನೊಬ್ಬರ ಅಂಗಳದಲ್ಲಿತ್ತು.

ಈ ತಿಳಿವಳಿಕೆ ಒಂದೇ ದಿನದಲ್ಲಿ ಬಂದದ್ದಲ್ಲ. ರಷ್ಯದ ವಿಜ್ಞಾನಿ ನಿಕೊಲಾಯ್ ಕ್ನಿಪೋವಿಚ್ 1898ರಲ್ಲಿ ಮುರ್ಮಾನ್ ಕರಾವಳಿಯ ಸಂಶೋಧನಾ ಯಾನವನ್ನು ಆರಂಭಿಸಿದರು. 1902ರಲ್ಲಿ ಕೋಪನ್‌ಹೇಗನ್‌ನಲ್ಲಿ ಅಂತರರಾಷ್ಟ್ರೀಯ ಸಮುದ್ರ ಸಂಶೋಧನಾ ಮಂಡಳಿ ಸ್ಥಾಪನೆಯಾದಾಗ ನಾರ್ವೆ, ರಷ್ಯ ಎರಡೂ ಅದರ ಸ್ಥಾಪಕ ಸದಸ್ಯರಾಗಿದ್ದವು. ನಾರ್ವೆಯ ಯೋಹಾನ್ ಯೋರ್ಟ್ 1914ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನ ಒಂದು ಹಳೆಯ ಒಗಟನ್ನು ಬಿಡಿಸಿತು. ಕೆಲವು ವರ್ಷ ಮೀನು ಹೇರಳ, ಕೆಲವು ವರ್ಷ ಬರ. ಇದಕ್ಕೆ ಕಾರಣ ಮೀನು ಬೇರೆಡೆಗೆ ವಲಸೆ ಹೋಗುವುದಲ್ಲ, ಯಾವ ವರ್ಷ ಎಷ್ಟು ಮರಿ ಬದುಕುಳಿಯಿತು ಎಂಬುದರ ಮೇಲೆ ಮುಂದಿನ ವರ್ಷಗಳ ಫಸಲು ನಿಂತಿದೆ ಎಂದು ಯೋರ್ಟ್ ತೋರಿಸಿಕೊಟ್ಟರು.

ವಿಜ್ಞಾನಕ್ಕೂ ಮೊದಲು ವ್ಯಾಪಾರದ ನಂಟಿತ್ತು. ಹದಿನೆಂಟನೆಯ ಶತಮಾನದಿಂದ ರಷ್ಯದ ಕ್ರಾಂತಿಯವರೆಗೂ ಶ್ವೇತ ಸಮುದ್ರದ ತೀರದ ಪೊಮೊರ್ ಜನ ಬೇಸಗೆಯಲ್ಲಿ ಹಿಟ್ಟು, ಧಾನ್ಯ ತುಂಬಿದ ಹಡಗುಗಳಲ್ಲಿ ಉತ್ತರ ನಾರ್ವೆಗೆ ಬಂದು ಮೀನು ಕೊಂಡೊಯ್ಯುತ್ತಿದ್ದರು. ಪರಸ್ಪರ ಭಾಷೆ ಬಾರದ ಬೆಸ್ತರೂ ವರ್ತಕರೂ ಸೇರಿ ಕೆಲವೇ ನೂರು ಪದಗಳ ಒಂದು ಕಲಸುಭಾಷೆಯನ್ನೇ ಕಟ್ಟಿಕೊಂಡಿದ್ದರು. ವಿದ್ವಾಂಸರು ಅದನ್ನು ‘ರುಸ್ಸೆನೋರ್ಸ್ಕ್’ ಎಂದು ಕರೆಯುತ್ತಾರೆ.

ಇನ್ನೂರು ಮೈಲಿಯ ಹೊಸ ಲೆಕ್ಕ

ಎರಡನೆಯ ಮಹಾಯುದ್ಧದ ನಂತರ ಕಡಲಿನ ಚಿತ್ರ ಬದಲಾಯಿತು. ದೊಡ್ಡ ದೊಡ್ಡ ಟ್ರಾಲರ್‌ಗಳು, ಹಡಗಿನಲ್ಲೇ ಮೀನು ಕೊಯ್ದು ಶೀತಲೀಕರಿಸುವ ಯಂತ್ರಗಳು ಬಂದವು. ಕರಾವಳಿಯ ಕೆಲವೇ ಮೈಲಿ ಬಿಟ್ಟರೆ ಉಳಿದ ಕಡಲು ಯಾರ ಸೊತ್ತೂ ಅಲ್ಲ. ಬ್ರಿಟನ್ ಹಾಗೂ ಜರ್ಮನಿ ಸೇರಿದಂತೆ ಹಲವು ದೇಶಗಳ ಹಡಗುಗಳು ಬ್ಯಾರೆಂಟ್ಸ್ ಸಮುದ್ರಕ್ಕೆ ಮುಗಿಬಿದ್ದವು. ಕೆಲವು ವರ್ಷ ಇಲ್ಲಿ ಹಿಡಿದ ಕಾಡ್ ಹತ್ತು ಲಕ್ಷ ಟನ್ ದಾಟಿತು. ಕೂತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಮಾತು ಕಡಲಿಗೂ ಸಲ್ಲುತ್ತದೆ. ಎಲ್ಲರೂ ತೆಗೆದರು, ಕಾಯುವ ಹೊಣೆ ಯಾರದೂ ಆಗಿರಲಿಲ್ಲ.

1973ರಲ್ಲಿ ಆರಂಭವಾದ ವಿಶ್ವಸಂಸ್ಥೆಯ ಮೂರನೆಯ ಸಮುದ್ರ ಕಾನೂನು ಸಮ್ಮೇಳನದಲ್ಲಿ ಒಂದು ವಿಚಾರ ಬಲಗೊಳ್ಳುತ್ತ ಬಂತು: ತೀರದಿಂದ ಇನ್ನೂರು ನಾಟಿಕಲ್ ಮೈಲಿ, ಅಂದರೆ ಸುಮಾರು 370 ಕಿಲೋಮೀಟರ್‌ವರೆಗಿನ ಮೀನಿನ ಮೇಲೆ ಆಯಾ ದೇಶಕ್ಕೇ ಹಕ್ಕು. ಒಪ್ಪಂದ ಅಂತಿಮವಾದದ್ದು 1982ರಲ್ಲಿ. ಆದರೆ ದೇಶಗಳು ಅಲ್ಲಿಯವರೆಗೆ ಕಾಯಲಿಲ್ಲ. ನಾರ್ವೆ 1977ರ ಜನವರಿ 1ರಿಂದ ತನ್ನ ಆರ್ಥಿಕ ವಲಯವನ್ನು ಜಾರಿಗೆ ತಂದಿತು. ಸೋವಿಯತ್ ಒಕ್ಕೂಟವೂ ಅದೇ ಸುಮಾರಿನಲ್ಲಿ ಇನ್ನೂರು ಮೈಲಿಯ ಹಕ್ಕು ಘೋಷಿಸಿತು.

ಕಾಗದದ ಮೇಲೆ ಕಡಲು ಎರಡು ಹೋಳಾಗುವುದಿತ್ತು. ಮೀನು ಹೋಳಾಗುವಂತಿರಲಿಲ್ಲ. ಇದನ್ನು ಮೊದಲೇ ಮನಗಂಡವರು ನಾರ್ವೆಯ ಸಮುದ್ರ ಕಾನೂನು ಸಚಿವ ಯೆನ್ಸ್ ಎವೆನ್ಸನ್ ಮತ್ತು ಸೋವಿಯತ್ ಮೀನುಗಾರಿಕಾ ಸಚಿವ ಅಲೆಕ್ಸಾಂಡರ್ ಇಷ್ಕೋವ್. 1975ರ ಏಪ್ರಿಲ್‌ನಲ್ಲಿ ಸಹಕಾರದ ಮೂಲ ಒಪ್ಪಂದಕ್ಕೆ ಸಹಿ ಬಿತ್ತು. 1976ರಲ್ಲಿ ಜಂಟಿ ಮೀನುಗಾರಿಕಾ ಆಯೋಗದ ಮೊದಲ ಸಭೆ ಸೇರಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಒಬ್ಬರ ನೀರಿನಲ್ಲಿ ಇನ್ನೊಬ್ಬರು ಮೀನು ಹಿಡಿಯಲು ಅವಕಾಶ ಕೊಡುವ ಎರಡನೆಯ ಒಪ್ಪಂದವೂ ಆಯಿತು.

ಅರ್ಧ ನಿಮಗೆ, ಅರ್ಧ ನಮಗೆ

ಆಯೋಗದ ಕಾರ್ಯವಿಧಾನ ಸರಳ. ವರ್ಷಕ್ಕೊಮ್ಮೆ, ಒಂದು ವರ್ಷ ನಾರ್ವೆಯಲ್ಲಿ, ಮರುವರ್ಷ ರಷ್ಯದಲ್ಲಿ ಸಭೆ. ಬರ್ಗೆನ್ ಮತ್ತು ಮುರ್ಮಾನ್ಸ್ಕ್‌ನ ಸಂಶೋಧನಾ ಸಂಸ್ಥೆಗಳ ಹಡಗುಗಳು ಕಡಲನ್ನು ಸಮೀಕ್ಷೆ ಮಾಡಿ ಯಾವ ವಯಸ್ಸಿನ ಮೀನು ಎಷ್ಟಿದೆ ಎಂದು ಅಂದಾಜು ಮಾಡುತ್ತವೆ. ಆ ಅಂಕಿಅಂಶದ ಆಧಾರದ ಮೇಲೆ ಕೋಪನ್‌ಹೇಗನ್‌ನ ಮಂಡಳಿ, ಮುಂದಿನ ವರ್ಷ ಎಷ್ಟು ಹಿಡಿದರೆ ಕ್ಷೇಮ ಎಂದು ಸಲಹೆ ನೀಡುತ್ತಿತ್ತು. ಆಯೋಗ ಒಟ್ಟು ಮೊತ್ತವನ್ನು ನಿಗದಿಪಡಿಸುತ್ತದೆ. ಅದರಲ್ಲಿ ಒಂದು ಸಣ್ಣ ಭಾಗವನ್ನು ಇತರ ದೇಶಗಳಿಗೆಂದು ತೆಗೆದಿಟ್ಟು, ಉಳಿದ ಕಾಡ್ ಮತ್ತು ಹ್ಯಾಡಕ್ ಮೀನನ್ನು ಎರಡೂ ದೇಶಗಳು ಸಮಪಾಲು ಮಾಡಿಕೊಳ್ಳುತ್ತವೆ. ಕೆಪಲಿನ್ ಎಂಬ ಸಣ್ಣ ಮೀನಿನಲ್ಲಿ ನಾರ್ವೆಗೆ ನೂರಕ್ಕೆ 60, ರಷ್ಯಕ್ಕೆ 40.

ಮೀನು ಯಾರ ನೀರಿನಲ್ಲಿ ಎಷ್ಟು ದಿನ ಇರುತ್ತದೆ ಎಂದು ಲೆಕ್ಕ ಹಾಕುತ್ತ ಕುಳಿತಿದ್ದರೆ ವಾದ ಎಂದೂ ಮುಗಿಯುತ್ತಿರಲಿಲ್ಲ. ಸಮಪಾಲು ಎಂಬುದು ರಾಜಕೀಯ ತೀರ್ಮಾನ. ಒಮ್ಮೆ ಒಪ್ಪಿದ ಮೇಲೆ ಯಾರಿಗೆ ಎಷ್ಟು ಎಂಬ ಜಗಳ ಪ್ರತಿವರ್ಷ ಏಳಲಿಲ್ಲ. ಒಟ್ಟು ಎಷ್ಟು ಹಿಡಿಯಬೇಕು ಎಂಬುದಷ್ಟೇ ಚರ್ಚೆಗೆ ಉಳಿಯಿತು.

ಇದಕ್ಕಿಂತಲೂ ಜಾಣತನದ್ದು ಪರಸ್ಪರ ಪ್ರವೇಶದ ಏರ್ಪಾಡು. ರಷ್ಯದ ನೀರಿನಲ್ಲಿ ಇರುವುದು ಹೆಚ್ಚಾಗಿ ಎಳೆಯ ಮೀನು. ತನ್ನ ಪಾಲನ್ನು ಅಲ್ಲೇ ಹಿಡಿಯಬೇಕೆಂದರೆ ಅಷ್ಟೇ ಟನ್ನಿಗೆ ಅನೇಕ ಪಟ್ಟು ಹೆಚ್ಚು ಮರಿಗಳು ಸಾಯಬೇಕಾಗುತ್ತಿತ್ತು. ನಾರ್ವೆಯ ನೀರಿಗೆ ಬಂದು ಬಲಿತ ಮೀನು ಹಿಡಿಯಲು ಅನುಮತಿ ದೊರೆತದ್ದರಿಂದ ಮರಿಗಳು ಉಳಿದವು, ಲಾಭ ಇಬ್ಬರಿಗೂ ಹಂಚಿತು.

ಇದರ ಜೊತೆಗೆ ವಿನಿಮಯವೂ ನಡೆಯಿತು. ಸೋವಿಯತ್ ಯೋಜನಾ ವ್ಯವಸ್ಥೆಯಲ್ಲಿ ಮೀನುಗಾರಿಕೆಯ ಸಾಧನೆಯನ್ನು ಅಳೆಯುತ್ತಿದ್ದುದು ಟನ್ನುಗಳಲ್ಲಿ. ಹಾಗಾಗಿ ಬೆಲೆಬಾಳುವ ಕಾಡ್‌ನ ಒಂದಿಷ್ಟು ಪಾಲನ್ನು ನಾರ್ವೆಗೆ ಬಿಟ್ಟುಕೊಟ್ಟು, ಬದಲಿಗೆ ಅಗ್ಗದ ಬ್ಲೂ ವೈಟಿಂಗ್ ಮೀನನ್ನು ದೊಡ್ಡ ಪ್ರಮಾಣದಲ್ಲಿ ಪಡೆಯಲು ಮಾಸ್ಕೋ ಸಿದ್ಧವಿತ್ತು. ಮಾರುಕಟ್ಟೆಯ ಬೆಲೆ ನೋಡುವ ನಾರ್ವೆಗೂ ಇದು ಹಿತವಾಗಿತ್ತು. ಎರಡು ಆರ್ಥಿಕ ವ್ಯವಸ್ಥೆಗಳ ವ್ಯತ್ಯಾಸವೇ ವ್ಯಾಪಾರಕ್ಕೆ ದಾರಿಯಾಯಿತು.

ಬೂದು ವಲಯ

ಆದರೆ ಗಡಿ ಎಲ್ಲಿ? ಎರಡೂ ತೀರಗಳಿಂದ ಸಮದೂರದಲ್ಲಿ ಹಾದುಹೋಗುವ ಮಧ್ಯರೇಖೆಯೇ ಗಡಿ ಎಂದಿತು ನಾರ್ವೆ. ಉತ್ತರ ಧ್ರುವದ ಕಡೆಗೆ ರೇಖಾಂಶದ ಜಾಡಿನಲ್ಲಿ ಎಳೆದ ಗೆರೆಯೇ ಗಡಿ ಎಂದಿತು ಸೋವಿಯತ್ ಒಕ್ಕೂಟ. ಈ ಎರಡು ಗೆರೆಗಳ ನಡುವೆ ಸಿಕ್ಕಿಕೊಂಡ ಪ್ರದೇಶ ಸುಮಾರು 1,75,000 ಚದರ ಕಿಲೋಮೀಟರ್, ಕರ್ನಾಟಕದ ವಿಸ್ತೀರ್ಣಕ್ಕಿಂತ ತುಸು ಕಡಿಮೆ. 1970ರಲ್ಲಿ ಶುರುವಾದ ಮಾತುಕತೆ ಮುಗಿಯುವ ಲಕ್ಷಣವಿರಲಿಲ್ಲ. ಗಡಿ ಗೊತ್ತಿಲ್ಲದ ಕಡೆ ಯಾರ ಪೊಲೀಸರು ಯಾರನ್ನು ಹಿಡಿಯಬೇಕು?

ಬದುವಿನ ವ್ಯಾಜ್ಯ ಕಚೇರಿಯಲ್ಲಿದ್ದರೂ ಬಾವಿಯ ನೀರಿಗೆ ಸರದಿ ಹಾಕಿಕೊಂಡ ದಾಯಾದಿಗಳಂತೆ, 1978ರ ಜನವರಿಯಲ್ಲಿ ಇಬ್ಬರೂ ಒಂದು ತಾತ್ಕಾಲಿಕ ಏರ್ಪಾಡಿಗೆ ಬಂದರು. ವಿವಾದಿತ ಪ್ರದೇಶದ ಒಂದು ಭಾಗ ಮತ್ತು ಅದರ ಅಕ್ಕಪಕ್ಕದ ನೀರು ಸೇರಿ ಸುಮಾರು 67,500 ಚದರ ಕಿಲೋಮೀಟರ್‌ನ ‘ಬೂದು ವಲಯ’ ಗುರುತಿಸಲಾಯಿತು. ಇದರೊಳಗೆ ನಾರ್ವೆ ತನ್ನ ಹಡಗುಗಳನ್ನೂ ತಾನು ಪರವಾನಗಿ ಕೊಟ್ಟ ಹಡಗುಗಳನ್ನೂ ಮಾತ್ರ ತಪಾಸಣೆ ಮಾಡಬೇಕು. ಸೋವಿಯತ್ ಕಡೆಗೂ ಅದೇ ನಿಯಮ. ಗಡಿಯ ಬಗ್ಗೆ ಯಾರ ವಾದಕ್ಕೂ ಇದರಿಂದ ಬಾಧಕವಿಲ್ಲ ಎಂದೂ ಬರೆದುಕೊಳ್ಳಲಾಯಿತು.

ನಾರ್ವೆಯಲ್ಲಿ ಇದಕ್ಕೆ ತೀವ್ರ ವಿರೋಧ ಬಂತು. ವಲಯದೊಳಗೆ ನಾರ್ವೆಯ ನಿರ್ವಿವಾದದ ನೀರು 23,000 ಚದರ ಕಿಲೋಮೀಟರ್, ಸೋವಿಯತ್ ನೀರು 3,000 ಮಾತ್ರ. ನಾವು ಮೋಸಹೋದೆವು ಎಂಬುದು ಟೀಕಾಕಾರರ ವಾದ. ಮಾತುಕತೆಯಲ್ಲಿ ಎವೆನ್ಸನ್ ಅವರ ಆಪ್ತ ಸಹಾಯಕರಾಗಿದ್ದ ಆರ್ನೆ ಟ್ರೆಹೋಲ್ಟ್ ಅವರನ್ನು 1984ರಲ್ಲಿ ಬಂಧಿಸಿ, ಮರುವರ್ಷ ಸೋವಿಯತ್ ಪರ ಬೇಹುಗಾರಿಕೆಗಾಗಿ 20 ವರ್ಷ ಸೆರೆವಾಸಕ್ಕೆ ಗುರಿಪಡಿಸಿದಾಗ ಆ ಟೀಕೆ ಇನ್ನಷ್ಟು ಚೂಪಾಯಿತು. 1992ರಲ್ಲಿ ಅವರಿಗೆ ಕ್ಷಮಾದಾನ ಸಿಕ್ಕಿತು. ಹಾಗಿದ್ದರೂ ಒಂದು ವರ್ಷಕ್ಕೆಂದು ಮಾಡಿಕೊಂಡ ಏರ್ಪಾಡು ವರ್ಷ ವರ್ಷವೂ ನವೀಕರಣಗೊಳ್ಳುತ್ತ 2011ರವರೆಗೂ ಉಳಿಯಿತು.

ಎಡವಿದ ವರ್ಷಗಳು

ಇಬ್ಬರೂ ಒಪ್ಪಿದ ಮಾತ್ರಕ್ಕೆ ಕಡಲು ಒಪ್ಪಬೇಕೆಂದಿಲ್ಲ. 1980ರ ದಶಕದ ನಡುವಿನಲ್ಲಿ ಕಾಡ್‌ನ ಮುಖ್ಯ ಆಹಾರವಾದ ಕೆಪಲಿನ್ ಮೀನು ಕುಸಿದುಬಿತ್ತು. ಹಸಿದ ಸೀಲ್‌ಗಳು ಹಿಂಡುಹಿಂಡಾಗಿ ನಾರ್ವೆಯ ಕರಾವಳಿಗೆ ನುಗ್ಗಿ ಸಾವಿರಾರು ಸಂಖ್ಯೆಯಲ್ಲಿ ಬಲೆಗೆ ಸಿಕ್ಕಿ ಸತ್ತವು. ಕಾಡ್ ಬಡಕಲಾಯಿತು, ಸಂಖ್ಯೆಯೂ ಇಳಿಯಿತು. ವಿಜ್ಞಾನಿಗಳ ಹಿಂದಿನ ಅಂದಾಜು ಅತಿಯಾಗಿತ್ತು ಎಂಬುದು ಬೆಳಕಿಗೆ ಬಂತು. 1989ರ ಏಪ್ರಿಲ್‌ನಲ್ಲಿ ನಾರ್ವೆಯ ಸರ್ಕಾರ ಕರಾವಳಿಯ ಸಣ್ಣ ದೋಣಿಗಳ ಕಾಡ್ ಮೀನುಗಾರಿಕೆಯನ್ನೂ ಹಂಗಾಮಿನ ನಡುವೆಯೇ ನಿಲ್ಲಿಸಿತು. ತಲೆತಲಾಂತರದಿಂದ ಯಾರ ಅಪ್ಪಣೆಯೂ ಇಲ್ಲದೆ ಕಡಲಿಗಿಳಿಯುತ್ತಿದ್ದ ಬೆಸ್ತರಿಗೆ ಇದು ಆಘಾತ. 1990ರಲ್ಲಿ ಒಟ್ಟು ಕೋಟಾ ಎರಡು ಲಕ್ಷ ಟನ್ನಿನ ಆಸುಪಾಸಿಗೆ ಇಳಿಯಿತು, ದೋಣಿಗೊಂದು ಪಾಲು ಎಂಬ ಪದ್ಧತಿ ಬಂತು.

ಆ ಕಹಿ ಮದ್ದು ಫಲ ಕೊಟ್ಟಿತು. ಬಲಿಷ್ಠ ಮರಿ ಫಸಲೂ ಜೊತೆಗೂಡಿ, 1994ರ ಹೊತ್ತಿಗೆ ಕೋಟಾ ಏಳು ಲಕ್ಷ ಟನ್ನಿಗೆ ಏರಿತ್ತು.

ಇದೇ ಕಾಲದಲ್ಲಿ ಅಟ್ಲಾಂಟಿಕ್‌ನ ಇನ್ನೊಂದು ದಡದಲ್ಲಿ ಏನಾಯಿತು ಎಂಬುದನ್ನು ಪಕ್ಕದಲ್ಲಿಟ್ಟು ನೋಡಬೇಕು. ಕೆನಡದ ನ್ಯೂಫೌಂಡ್‌ಲೆಂಡ್ ತೀರದ ಕಾಡ್ ಬಹುಮಟ್ಟಿಗೆ ಒಂದೇ ಸರ್ಕಾರದ ಇನ್ನೂರು ಮೈಲಿಯೊಳಗಿತ್ತು. ಅಂಚಿನಲ್ಲಿ ಮಾತ್ರ ವಿದೇಶಿ ಹಡಗುಗಳಿದ್ದವು. ಅಲ್ಲಿಯೂ ವಿಜ್ಞಾನಿಗಳಿದ್ದರು, ಕೋಟಾ ಇತ್ತು. ಆದರೆ ಕಡಿತವನ್ನು ಮುಂದೂಡುತ್ತ ಹೋದರು. 1992ರ ಜುಲೈ 2ರಂದು ಮೀನುಗಾರಿಕೆಯನ್ನೇ ಪೂರ್ತಿ ನಿಷೇಧಿಸಬೇಕಾಯಿತು. ಸುಮಾರು 30,000 ಮಂದಿಯ ಕೆಲಸ ಹೋಯಿತು. ಎರಡು ವರ್ಷಕ್ಕೆಂದು ಹೇರಿದ ನಿಷೇಧ ತೆರವಾದದ್ದು 2024ರಲ್ಲಿ.

ಬ್ಯಾರೆಂಟ್ಸ್ ಸಮುದ್ರಕ್ಕೂ ಆ ಗತಿ ಬರಬಹುದಿತ್ತು. ಸೋವಿಯತ್ ಒಕ್ಕೂಟ ಒಡೆದ ಮೇಲೆ ರಷ್ಯದ ಟ್ರಾಲರ್‌ಗಳು ವಿದೇಶಿ ಹಣಕ್ಕಾಗಿ ತಮ್ಮ ಮೀನನ್ನು ನಾರ್ವೆಯ ಬಂದರುಗಳಲ್ಲೇ ಇಳಿಸತೊಡಗಿದವು. ಬಂದರಿನ ಲೆಕ್ಕವನ್ನು ಕೋಟಾದ ಲೆಕ್ಕಕ್ಕೆ ಹೋಲಿಸಿದಾಗ ಹೆಚ್ಚುವರಿ ಮೀನು ಹಿಡಿದದ್ದು ಕಂಡುಬಂತು. 1993ರಿಂದ ಎರಡೂ ಕಡೆಯ ತಪಾಸಣಾ ಇಲಾಖೆಗಳು ಅಂಕಿಅಂಶ ಹಂಚಿಕೊಳ್ಳಲು ಆರಂಭಿಸಿದವು. ಅದೇ ವರ್ಷ, ಎರಡೂ ದೇಶಗಳ ವಲಯಗಳ ನಡುವೆ ಯಾರಿಗೂ ಸೇರದೆ ಉಳಿದಿದ್ದ ಕಡಲ ತುಂಡಿಗೆ ಐಸ್‌ಲೆಂಡಿನ ಟ್ರಾಲರ್‌ಗಳು ಬಂದವು. ‘ಕಳ್ಳಗಿಂಡಿ’ ಎಂದೇ ಹೆಸರಾದ ಆ ಜಾಗದ ತಕರಾರು ಬಗೆಹರಿದದ್ದು 1999ರಲ್ಲಿ, ಐಸ್‌ಲೆಂಡಿಗೂ ಒಂದು ಪಾಲು ಕೊಟ್ಟು.

ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಈ ಶತಮಾನದ ಆರಂಭದ್ದು. ಹಿಡಿದ ಮೀನನ್ನು ನಡುಗಡಲಿನಲ್ಲೇ ಬೇರೆ ಹಡಗಿಗೆ ದಾಟಿಸಿ ದೂರದ ಬಂದರುಗಳಿಗೆ ಸಾಗಿಸುವ ದಂಧೆ ಬೆಳೆಯಿತು. 2005ರಲ್ಲಿ ಹೀಗೆ ಲೆಕ್ಕಕ್ಕೆ ಸಿಗದೆ ಹೋದ ಕಾಡ್ ಒಂದು ಲಕ್ಷ ಟನ್ ಎಂದು ನಾರ್ವೆ ಅಂದಾಜು ಮಾಡಿತು. ಎಲೆಕ್ಟ್ರಾನ್ ಪ್ರಕರಣ ನಡೆದದ್ದು ಇಂಥ ಹೊತ್ತಿನಲ್ಲಿ. ಕಡಲಿನಲ್ಲಿ ಅಟ್ಟಿಸಿಕೊಂಡು ಹೋಗುವುದು ಇದಕ್ಕೆ ಮದ್ದಾಗಿರಲಿಲ್ಲ. 2007ರ ಮೇ ತಿಂಗಳಿಂದ ಈಶಾನ್ಯ ಅಟ್ಲಾಂಟಿಕ್ ದೇಶಗಳ ಬಂದರುಗಳಲ್ಲಿ ಹೊಸ ನಿಯಮ ಬಂತು: ಹಡಗಿನ ಸ್ವಂತ ದೇಶ ‘ಇದು ಕೋಟಾದೊಳಗಿನ ಮೀನು’ ಎಂದು ದೃಢಪಡಿಸದೆ ಮೀನು ಇಳಿಸುವಂತಿಲ್ಲ. ಎರಡೇ ವರ್ಷಗಳಲ್ಲಿ ಕಳ್ಳ ಮೀನುಗಾರಿಕೆ ಬಹುತೇಕ ನಿಂತುಹೋಯಿತು.

ಗಡಿ ಬಂತು, ಗೆಳೆತನ ಹೋಯಿತು

2010ರ ಏಪ್ರಿಲ್ 27ರಂದು ಓಸ್ಲೋದಲ್ಲಿ ಅನಿರೀಕ್ಷಿತ ಪ್ರಕಟಣೆ ಹೊರಬಿತ್ತು. ನಲವತ್ತು ವರ್ಷ ಎಳೆದ ಗಡಿ ವ್ಯಾಜ್ಯ ಬಗೆಹರಿದಿತ್ತು. ವಿವಾದಿತ ಪ್ರದೇಶವನ್ನು ಹೆಚ್ಚುಕಡಿಮೆ ಸಮನಾಗಿ ಹಂಚಿಕೊಂಡ ಒಪ್ಪಂದಕ್ಕೆ ಸೆಪ್ಟೆಂಬರ್ 15ರಂದು ಮುರ್ಮಾನ್ಸ್ಕ್‌ನಲ್ಲಿ ಸಹಿ ಬಿತ್ತು. 2011ರ ಜುಲೈನಲ್ಲಿ ಅದು ಜಾರಿಗೆ ಬಂದು ಬೂದು ವಲಯ ಇತಿಹಾಸಕ್ಕೆ ಸೇರಿತು. ಮೀನುಗಾರಿಕೆಯ ಹಳೆಯ ಒಪ್ಪಂದಗಳನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಅವು ಇನ್ನೂ 15 ವರ್ಷ ನಡೆಯಲಿ, ಬಳಿಕ ಯಾರೂ ಬೇಡವೆನ್ನದಿದ್ದರೆ ಆರಾರು ವರ್ಷ ಮುಂದುವರಿಯಲಿ ಎಂದು ಹೊಸ ಒಪ್ಪಂದದ ಅನುಬಂಧದಲ್ಲೇ ಬರೆಯಲಾಯಿತು.

ಅದೇ ವರ್ಷ ಇನ್ನೊಂದು ಸಣ್ಣ ಜಗಳವೂ ತೀರಿತು. ನಾರ್ವೆಯಲ್ಲಿ ಬಲೆಯ ಕಣ್ಣು ಕನಿಷ್ಠ 135 ಮಿಲಿಮೀಟರ್, ರಷ್ಯದಲ್ಲಿ 125 ಇರಬೇಕಿತ್ತು. ಇಬ್ಬರೂ 130ಕ್ಕೆ ಬಂದರು. ಹಿಡಿಯಬಹುದಾದ ಕಾಡ್‌ನ ಕನಿಷ್ಠ ಉದ್ದ ನಾರ್ವೆಯಲ್ಲಿ 47 ಸೆಂಟಿಮೀಟರ್, ರಷ್ಯದಲ್ಲಿ 42 ಇತ್ತು. ಅದು 44ಕ್ಕೆ ನಿಂತಿತು. ಅಷ್ಟು ಹೊತ್ತಿಗೆ ಮೀನೂ ಹೆಚ್ಚಿತ್ತು. 2013ರಲ್ಲಿ ಕಾಡ್‌ನ ಕೋಟಾ ಹತ್ತು ಲಕ್ಷ ಟನ್ ಮುಟ್ಟಿತು. ವಿಜ್ಞಾನಿಗಳ ಮಾತನ್ನು ಮೀರಿ ಕೋಟಾ ಏರಿಸುವ 1990ರ ದಶಕದ ಕೊನೆಯ ಚಾಳಿಯನ್ನು ಬಿಟ್ಟು, ವರ್ಷದಿಂದ ವರ್ಷಕ್ಕೆ ಕೋಟಾ ಎಷ್ಟು ಏರಬಹುದು, ಎಷ್ಟು ಇಳಿಯಬಹುದು ಎಂಬ ಸೂತ್ರವೊಂದನ್ನು 2002ರಲ್ಲಿ ಆಯೋಗ ಒಪ್ಪಿಕೊಂಡಿತ್ತು. ಆ ಸಂಯಮದ ಜೊತೆಗೆ ಬೆಚ್ಚಗಾದ ಕಡಲೂ ಕಾಡ್‌ನ ಮೇವಿನ ನೆಲೆಯನ್ನು ಹಿಗ್ಗಿಸಿತ್ತು.

2022ರ ಫೆಬ್ರುವರಿಯಲ್ಲಿ ರಷ್ಯ ಉಕ್ರೇನಿನ ಮೇಲೆ ಪೂರ್ಣಪ್ರಮಾಣದ ಯುದ್ಧ ಸಾರಿದಾಗ ಯೂರೋಪಿನೊಡನೆ ಅದರ ಸಂಬಂಧದ ಎಳೆಗಳು ಒಂದೊಂದಾಗಿ ಕಡಿದವು. ಮಾರ್ಚ್ ಕೊನೆಗೆ ಕೋಪನ್‌ಹೇಗನ್‌ನ ಮಂಡಳಿಯೂ ತನ್ನ ಚಟುವಟಿಕೆಗಳಿಂದ ರಷ್ಯವನ್ನು ಹೊರಗಿಟ್ಟಿತು. 1902ರಿಂದ ಬಂದ ಕೊಂಡಿ ಕಳಚಿತು. ಕಾಡ್ ಕುರಿತ ಸಲಹೆಯನ್ನು ಅಂದಿನಿಂದ ಎರಡೂ ದೇಶಗಳ ವಿಜ್ಞಾನಿಗಳ ಜಂಟಿ ಗುಂಪೇ ಸಿದ್ಧಪಡಿಸತೊಡಗಿತು. ನಾರ್ವೆ ರಷ್ಯದ ಮೀನು ಹಡಗುಗಳಿಗೆ ಟ್ರೋಮ್ಸೋ, ಕಿರ್ಕೆನೆಸ್, ಬೋಟ್ಸ್‌ಫ್ಯೋರ್ಡ್ ಎಂಬ ಮೂರೇ ಬಂದರುಗಳನ್ನು ತೆರೆದಿಟ್ಟು, ತಪಾಸಣೆ ಬಿಗಿಗೊಳಿಸಿತು. 2025ರಲ್ಲಿ ರಷ್ಯದ ಎರಡು ಮೀನುಗಾರಿಕಾ ಕಂಪನಿಗಳ ಮೇಲೆ ಅದು ನಿರ್ಬಂಧ ಹೇರಿದಾಗ ಮಾಸ್ಕೋದಿಂದ ಎಚ್ಚರಿಕೆಯ ಮಾತು ಕೇಳಿಬಂತು. ಈ ಎಲ್ಲದರ ನಡುವೆಯೂ ಆಯೋಗ ವರ್ಷಕ್ಕೊಮ್ಮೆ ಕೋಟಾ ನಿಗದಿಪಡಿಸುವ ಕೆಲಸವನ್ನು ಬಿಡಲಿಲ್ಲ.

ಈ ಸಲ ಹಂಚಿಕೊಳ್ಳಲು ಮೀನೂ ಕಡಿಮೆ. 2013ರ ಹತ್ತು ಲಕ್ಷ ಟನ್ನಿನಿಂದ ಇಳಿಯುತ್ತ ಬಂದ ಕೋಟಾ 2025ರಲ್ಲಿ 3,40,000 ಟನ್ ಆಯಿತು. 1991ರ ನಂತರ ಇಷ್ಟು ಕಡಿಮೆಯಾದದ್ದು ಇದೇ ಮೊದಲು. ಹೇರಳವಾಗಿದ್ದಾಗ ಹಂಚಿಕೊಳ್ಳುವುದು ಯಾರಿಗೂ ಸುಲಭ. ಕೊರತೆಯಲ್ಲಿ, ಅದೂ ಎದುರಿಗಿರುವವನ ಮೇಲೆ ನಂಬಿಕೆಯೇ ಇಲ್ಲದಿರುವಾಗ, ನಿನ್ನ ಅರ್ಧವನ್ನು ನೀನು ಕಡಿಮೆ ಮಾಡಿಕೋ, ನಾನೂ ಮಾಡಿಕೊಳ್ಳುತ್ತೇನೆ ಎನ್ನುವುದು ಕಷ್ಟ. ಆದರೂ ಇಬ್ಬರೂ ಕಡಿತಕ್ಕೆ ಒಪ್ಪಿದರು. ಒಪ್ಪದೆ ಹೋಗಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ನ್ಯೂಫೌಂಡ್‌ಲೆಂಡ್ ಕಣ್ಣೆದುರಿಗಿದೆ.

ಎವೆನ್ಸನ್ ಮತ್ತು ಇಷ್ಕೋವ್ ಸ್ನೇಹವನ್ನು ನೆಚ್ಚಿ ಈ ವ್ಯವಸ್ಥೆಯನ್ನು ಕಟ್ಟಿರಲಿಲ್ಲ. ಸ್ನೇಹ ಇಲ್ಲದ ದಿನಗಳಿಗೂ ನಿಲ್ಲಬೇಕು ಎಂದೇ ಕಟ್ಟಿದ್ದರು. ಲೋಫೋಟನ್‌ನಲ್ಲಿ ಚಳಿಗಾಲ ಬಂದಾಗಲೆಲ್ಲ, ರಷ್ಯದ ನೀರಿನಲ್ಲಿ ಮೇದು ಬೆಳೆದ ಕಾಡ್ ಯಾವ ಗಡಿಯಲ್ಲೂ ನಿಲ್ಲದೆ ತವರಿಗೆ ಮರಳುತ್ತದೆ. ಅದು ಮರಳುವಷ್ಟು ಕಾಲ ಆ ಎರಡು ಸರ್ಕಾರಗಳು ವರ್ಷಕ್ಕೊಮ್ಮೆಯಾದರೂ ಒಂದೇ ಮೇಜಿನ ಎದುರು ಬದುರು ಕೂರಲೇಬೇಕು.